ಅತ್ತೆಯ ಬರಿಗಾಲು

ನನ್ನ ಅತ್ತೆಯ ಕಾಲಿಗೆ ಬಿಸಿ ತಿಳಿಯುವುದಿಲ್ಲ ಎಂಬುದು ನಮಗೆ ಗೊತ್ತಾದದ್ದು ಒಂದು ವಾಸನೆಯಿಂದ.

ಹುಮನಾಬಾದಿನ ನಮ್ಮ ಮನೆಯ ಪಡಸಾಲೆಯಲ್ಲೇ ನನ್ನ ಹೊಲಿಗೆ ಯಂತ್ರವಿದೆ. ನಾನು ಕುಪ್ಪಸ ಹೊಲಿದು ಹಾಕುತ್ತೇನೆ, ಅತ್ತೆ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಅವಕ್ಕೆ ಹುಕ್ಕು ಹಚ್ಚಿ ಕೊಡುತ್ತಾರೆ. ಆ ದಿನ ಬಾಗಿಲಲ್ಲಿ ನಿಂತಿದ್ದ ಹುಡುಗಿಯೊಬ್ಬಳ ಅಳತೆ ತೆಗೆಯುತ್ತಿದ್ದೆ. ಹಿಂದಿನಿಂದ ಸುಟ್ಟ ವಾಸನೆ ಬಂತು. ಬಟ್ಟೆ ಸುಟ್ಟಿತೆಂದು ಓಡಿದರೆ ಬಟ್ಟೆಗಳೆಲ್ಲ ಸರಿಯಾಗಿದ್ದವು. ಅತ್ತೆ ಕಾಲು ಚಾಚಿ ಕುಳಿತಿದ್ದರು, ಅವರ ಬಲಗಾಲಿನ ಹಿಮ್ಮಡಿ ಗೋಡೆಬದಿಯ ಇಸ್ತ್ರಿ ಪೆಟ್ಟಿಗೆಗೆ ಒತ್ತಿಕೊಂಡಿತ್ತು. ಬಾಯಲ್ಲಿ ದಾರ ಕಚ್ಚಿಕೊಂಡು ಅವರು ಸೂಜಿ ಪೋಣಿಸುತ್ತಲೇ ಇದ್ದರು.

"ಅತ್ತಿ, ಕಾಲು!" ಎಂದು ಕೂಗಿದೆ.

ಅವರು ತಮ್ಮ ಕಾಲನ್ನು ಇನ್ಯಾರದೋ ಕಾಲು ನೋಡುವಂತೆ ನೋಡಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಅವರ ಕಣ್ಣು ಮುಚ್ಚಿಸಿ, ಅಂಗಾಲಿಗೆ ಪ್ಲಾಸ್ಟಿಕ್ ಕಡ್ಡಿಯಂಥದ್ದನ್ನು ಒತ್ತಿ, "ತಿಳೀತೇನ್ರಿ?" ಎಂದು ಕೇಳುತ್ತ ಹೋದರು. ಅತ್ತೆ ಪ್ರತಿ ಸಲವೂ "ಹೌದ್ರಿ, ತಿಳೀತ್ರಿ" ಎಂದರು. ಕೊನೆಗೆ ಡಾಕ್ಟರು ಕಡ್ಡಿಯನ್ನು ಮೇಜಿನ ಮೇಲಿಟ್ಟು, ಕೈಕಟ್ಟಿ ಕುಳಿತು, "ಈಗ?" ಎಂದರು. "ಹೌದ್ರಿ, ಈಗೂ ತಿಳೀತ್ರಿ" ಎಂದರು ಅತ್ತೆ. ಡಾಕ್ಟರು ನಗಲಿಲ್ಲ. ನನ್ನ ಕಡೆ ತಿರುಗಿ ಹೇಳಿದರು: "ಶುಗರ್‌ಲಿಂದ ಕಾಲಿನ ನರ ಮಂದ ಆಗ್ಯಾವ. ಮೊಳಿ ಹೊಕ್ಕರೂ ಇವರಿಗೆ ಖಬರ್ ಆಗಂಗಿಲ್ಲ. ದಿನಾ ಅಂಗಾಲು ನೀವೇ ನೋಡ್ರಿ. ಬರಿಗಾಲಿಲೆ ಅಂಗಳಕ್ಕೂ ಕಳಸಬ್ಯಾಡ್ರಿ."

ಇದೆಲ್ಲ ನಡೆದದ್ದು ಶ್ರಾವಣದಲ್ಲಿ. ಹಿಮ್ಮಡಿಯ ಸುಟ್ಟ ಗಾಯ ಮಾಯಲು ನವರಾತ್ರಿಯ ಹಿಂದಿನ ಮಹಾನವಮಿ ಅಮಾವಾಸ್ಯೆವರೆಗೂ ಹಿಡಿಯಿತು. ಗಾಯ ಒಣಗಿ ಹಕ್ಕಳೆ ಉದುರಿದ ದಿನ ಬೆಳಿಗ್ಗೆ ಅತ್ತೆ ಚಹದ ಕಪ್ಪು ಕೆಳಗಿಟ್ಟು ಹೇಳಿದರು: "ದಸರಾ ಆದ ಮರದಿನ ನಾ ತುಳಜಾಪುರಕ್ಕ ನಡ್ಕೋತ ಹೋಗಾಕಿ. ಹರಕಿ ಅದ. ಬರಿಗಾಲಿಲೆ."

ನಮ್ಮ ಕಡೆಯವರಿಗೆ ಇದು ಹೊಸದಲ್ಲ. ದಸರೆ ಮುಗಿಯುತ್ತಲೇ ಹೆದ್ದಾರಿಯ ಅಂಚಿನಲ್ಲಿ ಸಾಲು ಹಿಡಿದು ಜನ ಪಡುವಣಕ್ಕೆ ನಡೆಯುತ್ತಾರೆ. ಬಸವಕಲ್ಯಾಣದ ಕ್ರಾಸು ದಾಟಿ, ಮಹಾರಾಷ್ಟ್ರದ ಗಡಿ ದಾಟಿ, ಉಮರ್ಗಾ, ನಳದುರ್ಗದ ಮೇಲೆ ಹಾಯ್ದು, ನಾಲ್ಕೈದು ದಿನದಲ್ಲಿ, ಸೀಗೆ ಹುಣ್ಣಿಮೆಗೆ, ತುಳಜಾಪುರದಲ್ಲಿ ಅಂಬಾಭವಾನಿಯ ಮುಂದೆ ನಿಲ್ಲುತ್ತಾರೆ. ಅತ್ತೆಯೂ ಮೊದಲು ಹಲವು ಸಲ ನಡೆದವರೇ, ಆದರೆ ಆಗ ಅವರ ಕಾಲು ಸರಿಯಿತ್ತು, ಚಪ್ಪಲಿಯೂ ಇತ್ತು.

"ಯಾವ ಹರಕಿ ಅತ್ತಿ? ಯಾವಾಗ ಬೇಡ್ಕೊಂಡಿರಿ?"

"ನೀ ಸೋಲಾಪುರ ದವಾಖಾನ್ಯಾಗ ಇದ್ದಾಗ."

ಎರಡು ವರ್ಷದ ಹಿಂದೆ ನನ್ನ ಹೊಟ್ಟೆಯಲ್ಲಿ ಗಡ್ಡೆ ಬೆಳೆದು ಸೋಲಾಪುರದಲ್ಲಿ ಆಪರೇಷನ್ ಆಗಿತ್ತು. ಬದುಕುತ್ತೇನೋ ಇಲ್ಲವೋ ಎಂಬ ಮಾತು ನನ್ನ ಎದುರು ಯಾರೂ ಆಡದಿದ್ದರೂ ಎಲ್ಲರ ಮುಖದಲ್ಲೂ ಇತ್ತು. ಈಗ ನಾನು ಬದುಕಿದ್ದೇನೆ, ಯಂತ್ರ ತುಳಿಯುತ್ತಿದ್ದೇನೆ. ನನ್ನ ಜೀವಕ್ಕಾಗಿ ಬೇಡಿಕೊಂಡವರಿಗೆ ಆ ಹರಕೆ ಬೇಡ ಎಂದು ಯಾವ ಬಾಯಿಂದ ಹೇಳುವುದು?

ನಮ್ಮವರಿಗೆ ಹೇಳಿದೆ. ಅವರು ಸರಕಿನ ಟೆಂಪೊ ಓಡಿಸುತ್ತಾರೆ. ಮನೆಯಲ್ಲಿ ಜಗಳವಾದಾಗ ಟೆಂಪೊದ ಟಯರು ನೋಡಲು ಹೊರಗೆ ಹೋಗುವುದು ಅವರ ಪದ್ಧತಿ. ಅಂದೂ ಹೋದರು. ನಾನು ಹಿಂದೆಯೇ ಹೋದೆ.

"ಅವ್ವಗ ಬ್ಯಾಡ ಅಂದ್ರ ಆಕಿ ಊಟ ಬಿಡ್ತಾಳ. ಡಾಕ್ಟರ್ ಮಾತು ಮೀರಿದ್ರ ನೀ ನನ್ನ ಜೋಡಿ ಮಾತು ಬಿಡ್ತಿ. ನಾ ಏನ್ ಮಾಡ್ಲಿ?" ಎಂದರು. ಸ್ವಲ್ಪ ಹೊತ್ತು ಟಯರನ್ನೇ ನೋಡಿ, "ನೀನೂ ಆಕಿ ಜೋಡಿ ಹೋಗು. ಬ್ಯಾರೆ ದಾರಿ ಇಲ್ಲ" ಎಂದರು.

ಹಾಗೆ ನಾನು ಹೊರಟದ್ದು.

ಬಜಾರಿನ ಚಪ್ಪಲಿ ಅಂಗಡಿಯಲ್ಲಿ ಸಕ್ಕರೆ ರೋಗದವರಿಗೆಂದೇ ಮಾಡಿದ ಚಪ್ಪಲಿ ಸಿಕ್ಕವು. ಮೆತ್ತನೆಯ ಕಪ್ಪು ರಬ್ಬರಿನ ತಳ, ಬೆರಳಿನ ನಡುವೆ ಉಂಗುಟವಿಲ್ಲ, ಹಿಂದೆ ಪಟ್ಟಿ. ಅತ್ತೆಯ ಪಾದವನ್ನು ಹಾಳೆಯ ಮೇಲೆ ಬರೆದುಕೊಂಡು ಹೋಗಿ ಅಳತೆ ಹೊಂದಿಸಿ ತಂದೆ. ಅವರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ ಗೋಡೆಗೆ ಒರಗಿಸಿಟ್ಟರು.

"ತೊಗಲು ಅಲ್ರಿ ಅತ್ತಿ. ಬರೇ ರಬ್ಬರ್. ದೇವಿಗೆ ಮೈಲಿಗಿ ಆಗಂಗಿಲ್ಲ."

"ಮೈಲಿಗಿ ಮಾತಲ್ಲ ಯವ್ವಾ. ಬರಿಗಾಲು ಅಂದೀನಿ. ಬರಿಗಾಲು ಅಂದ್ರ ಬರಿಗಾಲು."

"ಸಾಕ್ಸ್ ಆದ್ರೂ ಹಾಕ್ಕೋರಿ. ದಪ್ಪ ಅರಿವಿ ಮಡಚಿ ನಾನೇ ಹೊಲೀತೀನಿ."

"ಅರಿವಿ ಸುತ್ತಿದ್ರ ಅದು ಬರಿಗಾಲೇನು? ಯಾರಿಗಿ ಮೋಸ ಮಾಡಬೇಕಂತಿ?"

ನವರಾತ್ರಿಯ ಅಷ್ಟೂ ದಿನ ಇದೇ ನಡೆಯಿತು. ಘಟಕ್ಕೆ ನೀರು ಹಾಕುವಾಗ, ದೀಪಕ್ಕೆ ಎಣ್ಣೆ ಹೊಯ್ಯುವಾಗ ನಾವಿಬ್ಬರೂ ಮೆತ್ತಗೆ ಮಾತನಾಡುತ್ತಿದ್ದೆವು, ದೇವರ ಕೋಣೆಯಿಂದ ಹೊರಗೆ ಬರುತ್ತಲೇ ಮತ್ತೆ ಚಪ್ಪಲಿ. ಕೊನೆಗೊಂದು ಒಪ್ಪಂದವಾಯಿತು. ಚಪ್ಪಲಿ ಚೀಲದಲ್ಲಿ ಬರಬೇಕು, ಬಸ್ಸಿನಲ್ಲಿ ವಾಪಸ್ಸು ಬರುವಾಗ ಅವರು ಹಾಕಿಕೊಳ್ಳಬೇಕು. ದಾರಿಯಲ್ಲಿ ಎಲ್ಲಿ ಕುಳಿತರೂ ಮೊದಲು ಅಂಗಾಲು ನನಗೆ ತೋರಿಸಬೇಕು. ನಾನು ಸಾಕು ಅಂದಲ್ಲಿ ನಡಿಗೆ ನಿಲ್ಲಬೇಕು. ಮೂರನೆಯದಕ್ಕೆ ಅತ್ತೆ ಹೂಂ ಎನ್ನಲಿಲ್ಲ, ಊಹೂಂ ಎಂದೂ ಎನ್ನಲಿಲ್ಲ.

ನನ್ನ ಬೂಟಿನದು ಬೇರೆಯೇ ಕತೆ. ಹುಟ್ಟಿದಂದಿನಿಂದ ನಾನು ಹವಾಯಿ ಚಪ್ಪಲಿ ಬಿಟ್ಟು ಬೇರೇನೂ ಹಾಕಿದವಳಲ್ಲ. ನಮ್ಮವರು ಬೂದು ಬಣ್ಣದ ಓಡುವ ಬೂಟು ತಂದುಕೊಟ್ಟು, ಹೊಸ ಬೂಟು ದಾರಿಯಲ್ಲಿ ಕಚ್ಚುತ್ತದೆ, ಮನೆಯಲ್ಲೇ ರೂಢಿ ಮಾಡಿಕೋ ಎಂದರು. ಸೀರೆಯ ಕೆಳಗೆ ಬೂಟು ತೊಟ್ಟು ಹೊಲಿಗೆ ಯಂತ್ರ ತುಳಿದೆ, ಮಾಳಿಗೆಯ ಮೇಲೆ ಸಂಜೆ ಹೊತ್ತು ಅತ್ತಿತ್ತ ನಡೆದೆ. ಕುಪ್ಪಸ ಒಯ್ಯಲು ಬಂದವರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

ದಸರೆಯ ದಿನ ಮಧ್ಯಾಹ್ನ ಚೀಲ ಕಟ್ಟಿದೆವು. ದುಬಲಗುಂಡಿಯಿಂದ ಅತ್ತೆಯ ತಂಗಿ ಬಸ್ಸಿಗೆ ಬಂದಿದ್ದರು, ಅವರೂ ನಮ್ಮ ಜೊತೆ ನಡೆಯುವವರು. ನಾನು ಅವರನ್ನು ಚಿಕ್ಕತ್ತಿ ಎನ್ನುತ್ತೇನೆ. ಹಳೆಯ ಶಾಲೆ ಚೀಲವೊಂದರ ಪಟ್ಟಿಗೆ ಹತ್ತಿ ತುಂಬಿ ಹೊಲಿದಿದ್ದೆ. ಅದರಲ್ಲಿ ಗುಳಿಗೆ, ಹತ್ತಿ, ಗಾಯ ತೊಳೆಯುವ ಔಷಧಿ, ಪಟ್ಟಿ ಬಟ್ಟೆ, ಸಕ್ಕರೆ ಇಳಿದರೆ ಕೊಡಲು ಗ್ಲುಕೋಸ್ ಪುಡಿ, ಎರಡು ಚಾದರ, ಟಾರ್ಚು, ಆ ಕಪ್ಪು ಚಪ್ಪಲಿ ಇಟ್ಟೆ. ಅತ್ತೆ ಬಂದು ಒಂದೊಂದನ್ನೇ ಹೊರಗೆ ತೆಗೆದು ಚಾಪೆಯ ಮೇಲೆ ಹರವಿದರು.

"ಇದೇನ್ ದವಾಖಾನಿ ಹೊತ್ಕೊಂಡು ಹೊಂಟೀ? ಬೆನ್ನು ಮುರಕೋತಿ."

"ಹೊರಾಕಿ ನಾನೇ ಹೌದಲ್ರಿ."

"ಹೊಟ್ಟಿ ಕೊಯ್ಸಿಕೊಂಡಾಕಿ ನೀ. ಭಾರ ಹೊರಬಾರ್ದು."

ಅವರು ತೆಗೆದಿಟ್ಟದ್ದನ್ನು ನಾನು ಮತ್ತೆ ಒಳಗೆ ಹಾಕಿದೆ. ಅವರು ಮತ್ತೆ ತೆಗೆದರು. ಚಿಕ್ಕತ್ತಿ ನಡುವೆ ಕುಳಿತು ಕಡಕ್ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತುತ್ತ, ಶೇಂಗಾ ಹಿಂಡಿಯ ಡಬ್ಬಿ ಬಿಗಿಯುತ್ತ, "ದೇವಿ ಕರ್ಕೊಂಡು ಹೋಗ್ತಾಳ, ದೇವಿ ಕರ್ಕೊಂಡು ಬರ್ತಾಳ. ನೀವ್ಯಾಕ ಹೊಡದಾಡ್ತೀರಿ?" ಎಂದರು. ಅತ್ತೆಯ ಕೈಚೀಲದಲ್ಲಿ ಇದ್ದದ್ದು ದೇವಿಯ ಉಡಿ ತುಂಬುವ ಸಾಮಾನು ಮಾತ್ರ: ಹಸಿರು ಖಣ, ತೆಂಗಿನಕಾಯಿ, ಅಕ್ಕಿ, ಅರಿಶಿಣ, ಕುಂಕುಮ, ಬಳೆ. ಆ ಚೀಲವನ್ನು ಅವರು ಯಾರ ಕೈಗೂ ಕೊಡಲಿಲ್ಲ.

ಮರುದಿನ ನಸುಕಿನಲ್ಲಿ ಹೊರಟೆವು. ನಮ್ಮ ಓಣಿಯ ಹತ್ತಾರು ಜನ, ಮುಂದೆ ಕೆಂಪು ನಿಶಾನೆ ಹಿಡಿದವರು. "ಉಧೋ ಉಧೋ" ಎಂಬ ದೇವಿಯ ಜಯಕಾರ ಎದ್ದಾಗ ನನಗೂ ಮೈ ಜುಮ್ಮೆಂದಿತು. ಆದರೆ ನನ್ನ ಕಣ್ಣು ನೆಲ ಬಿಟ್ಟು ಮೇಲೇಳಲಿಲ್ಲ. ಹೆದ್ದಾರಿಯ ಅಂಚು ದೂರದಿಂದ ನುಣ್ಣಗೆ ಕಾಣುತ್ತದೆ, ಕೆಳಗೆ ನೋಡುತ್ತ ನಡೆದರೆ ಅದರ ನಿಜರೂಪ ಗೊತ್ತಾಗುತ್ತದೆ. ಬಾಟಲಿಯ ಚೂರು, ಒಕ್ಕಿ ಉಳಿದ ಸೋಯಾಬೀನಿನ ಚೂಪು ಕಡ್ಡಿ, ಎಲ್ಲಕ್ಕಿಂತ ಹೆಚ್ಚಾಗಿ ಸಿಡಿದ ಲಾರಿ ಟಯರಿನ ತುಂಡುಗಳು. ಆ ತುಂಡುಗಳಿಂದ ಕೂದಲಿನಂಥ ಉಕ್ಕಿನ ತಂತಿಗಳು ಹೊರಗೆ ಚಾಚಿರುತ್ತವೆ. ಅತ್ತೆಗಿಂತ ಒಂದು ಹೆಜ್ಜೆ ಮುಂದೆ ನಡೆದು ಕಂಡದ್ದನ್ನೆಲ್ಲ ಬೂಟಿನಿಂದ ಬದಿಗೆ ಒದೆಯುತ್ತಿದ್ದೆ. ಲಾರಿಗಳು ಪಕ್ಕದಲ್ಲೇ ಹಾಯುವಾಗ ಗಾಳಿಗೆ ಸೆರಗು ಹಾರುತ್ತಿತ್ತು. "ಮುಂದ ನೋಡಿ ನಡೀ, ಲಾರಿ ಕೆಳಗ ಹೋಗ್ತಿ" ಎಂದು ಅತ್ತೆ ಬೈದರು.

ಹಿಂದಿನಿಂದ ಯಾರೋ ಹೆಂಗಸು ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು: "ಸೊಸಿ ಬೂಟ್ ಹಾಕ್ಯಾಳ, ಅತ್ತಿ ಬರಿಗಾಲಿಲೆ ಹೊಂಟಾಳ. ನೋಡ್ರಿ ಜಮಾನಾ."

ನಾನು ತಿರುಗಿ ನೋಡಲಿಲ್ಲ. ಅತ್ತೆ ತಿರುಗಿದರು. "ನನ್ನ ಸೊಸಿ ಬೂಟ್ ಹಾಕ್ಕೊಳ್ಳಿ ಅಂತೇ ನಾ ಬರಿಗಾಲಿಲೆ ಹೊಂಟೀನಿ. ನಿಂಗೇನ್ ತಕ್ಲೀಫ್?" ಎಂದರು. ಅವರು ಹಾಗೇಕೆ ಹೇಳಿದರೆಂದು ನನಗೆ ಆಗ ಅರ್ಥವಾಗಲಿಲ್ಲ. ಬಾಯಿ ಮುಚ್ಚಿಸಲು ಏನೋ ಒಂದು ಅಂದರೆಂದುಕೊಂಡೆ.

ರಾಜೇಶ್ವರದ ಹತ್ತಿರ ಊಟಕ್ಕೆ ಕುಳಿತಾಗ ಅಂಗಾಲು ನೋಡಿದೆ. ಧೂಳು, ಒಂದೆರಡು ಕಡೆ ಗೀರು, ಅಷ್ಟೆ. ತೊಳೆದು ಎಣ್ಣೆ ಹಚ್ಚಿದೆ. ನನ್ನ ಹಿಮ್ಮಡಿಯಲ್ಲೇ ದೊಡ್ಡ ಬೊಕ್ಕೆ ಎದ್ದಿತ್ತು. ಅಷ್ಟು ದಿನ ಮಾಳಿಗೆಯ ಮೇಲೆ ನಡೆದದ್ದು ಏನೂ ಉಪಯೋಗಕ್ಕೆ ಬರಲಿಲ್ಲ. ಅತ್ತೆ ಅದನ್ನು ನೋಡಿ ತಮ್ಮ ಸೀರೆಯ ಅಂಚಿನಿಂದ ಗಾಳಿ ಬೀಸಿದರು.

ಸಂಜೆ ಹೊತ್ತು ಮುಳುಗುವ ಮೊದಲು, ದಾರಿಬದಿಯ ಶಾಲೆಯೊಂದರ ವರಾಂಡದಲ್ಲಿ ತಂಗಿದೆವು. ನೀರು ತರಲು ಹೋದ ನನಗೆ ನಲ್ಲಿಯ ಮುಂದೆ ಬಹಳ ಹೊತ್ತು ಹಿಡಿಯಿತು. ಬರುವಷ್ಟರಲ್ಲಿ ಅತ್ತೆ ಕಾಲು ತೊಳೆದು, ಎರಡೂ ಪಾದಗಳಿಗೆ ಹಿಮ್ಮಡಿಯಿಂದ ಬೆರಳ ತುದಿಯವರೆಗೆ ಅರಿಶಿಣ ಬಳಿದುಕೊಂಡು ಕುಳಿತಿದ್ದರು. ಚಿಕ್ಕತ್ತಿಯೂ ಹಾಗೇ ಬಳಿದುಕೊಂಡಿದ್ದರು. ಕೇಳುವ ಮೊದಲೇ ಅತ್ತೆ ಅಂಗಾಲು ಎತ್ತಿ ತೋರಿಸಿದರು.

"ಅರಿಶಿಣದಾಗ ಏನ್ ಕಾಣ್ತದ್ರಿ ಅತ್ತಿ?"

"ಕಾಣಂಥದ್ದು ಏನಾರ ಇದ್ರ ಕಾಣ್ತಿತ್ತು. ದೇವಿ ಹಾದ್ಯಾಗ ಹೆಣ್ಮಕ್ಕಳು ಅರಿಶಿಣ ಹಚ್ಚಬಾರ್ದೇನು?"

ಮುತ್ತೈದೆ ಚಿಕ್ಕತ್ತಿ ಹಚ್ಚಿಕೊಳ್ಳುವುದು ಸರಿ. ನಮ್ಮ ಮಾವ ತೀರಿಹೋದ ಮೇಲೆ ಅತ್ತೆ ಪಾದಕ್ಕೆ ಅರಿಶಿಣ ಹಚ್ಚಿದ್ದನ್ನು ನಾನು ನೋಡಿಯೇ ಇರಲಿಲ್ಲ. ಆದರೆ ಹತ್ತು ಜನರ ಎದುರು ಆ ಮಾತು ಎತ್ತುವುದು ಹೇಗೆ? ತಂದ ನೀರನ್ನು ಅವರ ಮುಂದಿಟ್ಟೆ.

ಮರುದಿನ ಬಸವಕಲ್ಯಾಣದ ಕ್ರಾಸು ಇನ್ನೂ ಸ್ವಲ್ಪ ದೂರವಿದ್ದಾಗ, ಬೊಕ್ಕೆಯ ನೋವಿಗೆ ಹೆಜ್ಜೆ ಹಿಂದೆ ಬಿದ್ದು ಅವರ ಬೆನ್ನಿಗೆ ನಡೆಯುತ್ತಿದ್ದೆ. ಬಿಸಿಲು ಏರಿತ್ತು. ಹೆದ್ದಾರಿಯ ಅಂಚಿನ ಬಿಳಿ ಪಟ್ಟೆ ಡಾಂಬರಿಗಿಂತ ತಂಪೆಂದು ಬರಿಗಾಲಿನವರೆಲ್ಲ ಅದರ ಮೇಲೇ ನಡೆಯುತ್ತಿದ್ದರು. ಆ ಪಟ್ಟೆಯ ಮೇಲೆ ಒಂದು ಕೆಂಪು ಕಲೆ ಕಂಡಿತು. ಎಲೆಯಡಿಕೆ ಉಗುಳಿರಬೇಕೆಂದುಕೊಂಡೆ. ಮುಂದೆ ಇನ್ನೊಂದು. ಅದರ ಮುಂದೆ ಮತ್ತೊಂದು. ಎಲ್ಲವೂ ಒಂದೇ ಅಂತರದಲ್ಲಿ, ಎಲ್ಲವೂ ಎಡಗಡೆಗೆ. ಅತ್ತೆಯ ಎಡಗಾಲು ಎದ್ದಾಗ ನೋಡಿದೆ, ಅದು ಊರಿದ ಜಾಗ ನೋಡಿದೆ.

ಬೊಕ್ಕೆ ಒಡೆದದ್ದೂ ತಿಳಿಯದಂತೆ ಓಡಿದೆ. ಅವರು ದೇವಿಯ ಪದ ಹಾಡುತ್ತ, ಒಂದು ಚೂರೂ ಕುಂಟದೆ ನಡೆಯುತ್ತಿದ್ದರು. ಆ ಕುಂಟದ ನಡಿಗೆಯೇ ನನ್ನನ್ನು ಹೆಚ್ಚು ಹೆದರಿಸಿತು. ತೋಳು ಹಿಡಿದು, ನಡೆಯುವವರಿಗೆ ಮಜ್ಜಿಗೆ ಕೊಡುತ್ತಿದ್ದ ಪೆಂಡಾಲಿನೊಳಗೆ ಎಳೆದುಕೊಂಡು ಹೋಗಿ ಕುರ್ಚಿಯ ಮೇಲೆ ಕೂರಿಸಿದೆ. ಎಡಗಾಲು ತೊಡೆಯ ಮೇಲಿಟ್ಟುಕೊಂಡು ಅರಿಶಿಣ ಒರೆಸಿದೆ. ಹೆಬ್ಬೆರಳಿನ ಕೆಳಗಿನ ದಪ್ಪ ಚರ್ಮದಲ್ಲಿ ಒಂದು ತೂತು. ಅದರೊಳಗೆ ಅರಿಶಿಣದ ಮುದ್ದೆ ತುಂಬಿತ್ತು. ಪಾದ ಊದಿ, ಮುಟ್ಟಿದರೆ ಜ್ವರದ ಹಣೆಯಂತೆ ಸುಡುತ್ತಿತ್ತು.

ಚಿಕ್ಕತ್ತಿ ಅಳತೊಡಗಿದರು. "ನಿನ್ನೀ ಸಂಜಿಗೇ ಕಂಡಿತ್ತ ಯವ್ವಾ. ಟಯರಿನ ತಂತಿ. ನಾ ಎಳದೆ, ಅರ್ಧ ಬಂತು. ಸೊಸಿಗಿ ಹೇಳಬ್ಯಾಡ ಅಂತ ಆಣಿ ಹಾಕಿಸಿದಳು."

ಅತ್ತೆ ಕಾಲು ಹಿಂದಕ್ಕೆ ಎಳೆದುಕೊಂಡರು. "ನನಗ ನೋವೇ ಇಲ್ಲ. ನೋವಿಲ್ದ ಗಾಯ ಯಾವ ಗಾಯ?"

"ನೋವಿಲ್ಲ ಅನ್ನೋದೇ ನಿಮ್ಮ ರೋಗ್ರೀ ಅತ್ತಿ! ದವಾಖಾನಿಗಿ ನಡೀರಿ."

"ತುಳಜಾಪುರಕ್ಕ ನಡೀತೀನಿ. ಎಲ್ಲಾ ಮುಗದ ಮ್ಯಾಲ ಯಾವ ದವಾಖಾನಿಗಿ ಅಂತಿ ಆ ದವಾಖಾನಿಗಿ ಬರ್ತೀನಿ."

ಪೆಂಡಾಲಿನ ಜನ ಸುತ್ತ ನಿಂತರು. ದೇವಿ ನೋಡಿಕೊಳ್ಳುತ್ತಾಳೆ ಎಂದರು ಒಬ್ಬರು. ಅರ್ಧಕ್ಕೆ ಬಿಟ್ಟರೆ ದೇವಿಯ ಕಾಡಾಟ ತಪ್ಪದು ಎಂದರು ಇನ್ನೊಬ್ಬರು. ಮದುವೆಯಾಗಿ ಬಂದಂದಿನಿಂದ ಅತ್ತೆಯ ಎದುರು ನಾನು ದನಿ ಏರಿಸಿದವಳಲ್ಲ. ಆ ದಿನ ಹೆದ್ದಾರಿಯ ಲಾರಿಗಳ ಸದ್ದನ್ನೂ ಮೀರಿ ಕೂಗಿದೆ.

"ನಿಮ್ಮ ಕಾಲು ತಗೊಂಡು ನನ್ನ ಜೀವ ಉಳಸ್ರಿ ಅಂತ ನಾ ಬೇಡಿಲ್ಲ! ನಾ ಯಾರಿಗೂ ಬೇಡಿಲ್ಲ!"

ಅತ್ತೆ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು, ಸಿಟ್ಟಿರಲಿಲ್ಲ. ಅವರು ಕುರ್ಚಿಯ ತೋಳು ಹಿಡಿದು ಎದ್ದು, ಸೆರಗು ಸರಿಮಾಡಿಕೊಂಡು, ರಸ್ತೆಯ ಕಡೆ ಹೆಜ್ಜೆ ಹಾಕಿದರು. ಊರಿದ ಜಾಗದಲ್ಲಿ ಮತ್ತೆ ಕೆಂಪು.

ಅವರ ಕೈಚೀಲ ಕುರ್ಚಿಯ ಮೇಲೇ ಉಳಿದಿತ್ತು. ಖಣ, ತೆಂಗಿನಕಾಯಿ, ಬಳೆ. ಮುಂದೇನು ಮಾಡಬೇಕೆಂದು ನಾನು ಯೋಚಿಸಲಿಲ್ಲ. ಚೀಲ ಎತ್ತಿ ಎದೆಗೆ ಒತ್ತಿಕೊಂಡೆ. ಜನರನ್ನು ಇಳಿಸಿ ಬಸವಕಲ್ಯಾಣಕ್ಕೆ ಮರಳಲಿದ್ದ ಆಟೋ ಒಂದು ಅಲ್ಲೇ ನಿಂತಿತ್ತು. ಹತ್ತಿ ಕುಳಿತೆ.

"ಏ! ದೇವಿ ಉಡಿ ಅದರಾಗದ!" ಅತ್ತೆ ಕೂಗಿದರು.

"ಹೌದ್ರಿ. ಬೇಕಂದ್ರ ಬಂದು ತಗೋರಿ."

"ಕಳ್ಳಿ! ದೇವಿ ಸಾಮಾನು ಕದೀತಿ? ಕೈ ಸೇದಿ ಹೋಗ್ತಾವ!"

"ಹೋಗ್ಲಿ ಬಿಡ್ರಿ. ಭಾಯಿ, ಗಾಡಿ ಬಿಡ್ರಿ."

ಆಟೋದವನು ಕೀಲಿ ತಿರುಗಿಸಿದ, ಆದರೆ ಬಿಡಲಿಲ್ಲ. ನನ್ನ ಮುಖ, ಅವರ ಮುಖ, ರಸ್ತೆಯ ಮೇಲಿನ ರಕ್ತ ಎಲ್ಲ ನೋಡಿ, "ಅಮ್ಮಾ, ಬಂದು ಕುಂದರ್ರಿ. ಹಿಂಗ ನಿಂತ್ರ ನಾ ಯಾರ ಮಾತು ಕೇಳ್ಲಿ?" ಎಂದ. ಅವರು ಬರದಿದ್ದರೆ ಏನು ಮಾಡುತ್ತಿದ್ದೆನೋ ನನಗೆ ಇಂದಿಗೂ ಗೊತ್ತಿಲ್ಲ. ದೇವಿಯ ಉಡಿ ಹೊತ್ತು ಒಬ್ಬಳೇ ಯಾವ ಊರಿಗೆ ಹೋಗುವುದು?

ಅತ್ತೆ ಬಂದರು. ಆಟೋ ಹತ್ತಿ, ಚೀಲವನ್ನು ನನ್ನ ಕೈಯಿಂದ ಕಿತ್ತುಕೊಂಡು, ಆಚೆ ಮುಖ ಮಾಡಿ ಕುಳಿತರು. ಚಿಕ್ಕತ್ತಿ ಅಳುತ್ತ ನಮ್ಮ ನಡುವೆ ಹೊಕ್ಕರು.

ಆಸ್ಪತ್ರೆಯಲ್ಲಿ ರಕ್ತ ನೋಡಿದರು, ಎಕ್ಸ್-ರೇ ತೆಗೆದರು. ತಂತಿಯ ತುಂಡು ಒಳಗೇ ಇತ್ತು. ಕೊಯ್ದು ತೆಗೆದು, ಅದನ್ನು ಹತ್ತಿಯ ಮೇಲಿಟ್ಟು ಅತ್ತೆಗೆ ತೋರಿಸಿದರು. ಉಗುರಿನಷ್ಟೂ ಇರಲಿಲ್ಲ. "ಇಷ್ಟಕ್ಕ ಇಷ್ಟು ರಾದ್ಧಾಂತ" ಎಂದರು ಅತ್ತೆ. ಡಾಕ್ಟರಮ್ಮ ಜೇಬಿನಿಂದ ನೀಲಿ ಪೆನ್ನು ತೆಗೆದು, ಪಾದದ ಮೇಲೆ ಕೆಂಪು ಎಲ್ಲಿಯವರೆಗೆ ಹಬ್ಬಿತ್ತೋ ಅದರ ಸುತ್ತ ಗೆರೆ ಎಳೆದರು.

"ಈ ಗೆರಿ ನೋಡ್ಕೋತ ಇರ್ರಿ" ಎಂದರು ನನಗೆ. "ಕೆಂಪು ಇದರ ಒಳಗೇ ಉಳದ್ರ ಛಲೋ. ದಾಟಿ ಮ್ಯಾಲ ಏರಿದ್ರ ಇಲ್ಲಿ ನಮ್ಮ ಕೈಲೆ ಆಗಂಗಿಲ್ಲ, ಕಲಬುರಗಿಗಿ ಒಯ್ಯಬೇಕು. ಅಲ್ಲಿ ಬೆರಳು ಹೋಗ್ತದೋ, ಪಾದ ಹೋಗ್ತದೋ, ನಾ ಈಗೇ ಹೇಳಲಾರೆ."

ನಾನು ಮಂಚದ ಕಾಲದೆಸೆಗೆ ಸ್ಟೂಲು ಎಳೆದುಕೊಂಡು ಕುಳಿತೆ. ಅತ್ತೆ ಕಣ್ಣು ಮುಚ್ಚಿ ಮಲಗಿದ್ದರು, ನಿದ್ದೆಯಲ್ಲಿರಲಿಲ್ಲ. ಸಲಾಯಿನ್ ಹನಿ ಹನಿಯಾಗಿ ಇಳಿಯುತ್ತಿತ್ತು. ಕೊಹಿನೂರ ಹಳ್ಳಿಯ ಕಡೆಯಿಂದ ಬಂದ ನಡಿಗೆಯ ತಂಡವೊಂದು ಹಲಗೆ ಬಾರಿಸುತ್ತ ಆಸ್ಪತ್ರೆಯ ಎದುರಿನ ರಸ್ತೆಯಲ್ಲಿ ಹಾಯಿತು. ಅತ್ತೆಯ ತುಟಿಗಳು ಅಲುಗಿದವು. ನಮ್ಮವರು ಟೆಂಪೊ ತೆಗೆದುಕೊಂಡು ಮಧ್ಯಾಹ್ನಕ್ಕೆ ಬಂದರು. ತಾಯಿಯ ಕಾಲು ನೋಡಿ, ನನ್ನ ಮುಖ ನೋಡಿ, ಕಾರಿಡಾರಿಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತರು.

ಸಂಜೆಯಾಗುವ ಮುನ್ನ ಚಿಕ್ಕತ್ತಿ ಮಂಚದ ಬಳಿ ಬಂದು ನಿಂತರು. ಅವರು ತಮ್ಮ ತಂಡವನ್ನು ಕೂಡಿಕೊಳ್ಳಬೇಕಿತ್ತು. ಅತ್ತೆ ಕಣ್ಣು ತೆರೆದು, ದಿಂಬಿನ ಪಕ್ಕದ ಕೈಚೀಲವನ್ನು ಬಹಳ ಹೊತ್ತು ಸವರಿ, ತಂಗಿಯ ಕೈಗೆ ಕೊಟ್ಟರು.

"ಉಡಿ ತುಂಬು. ನಾ ಯಾಕ ಬರ್ಲಿಲ್ಲ ಅಂತ ಆಕಿಗಿ ಹೇಳು. ಸೊಸಿ ಹೆಸರು ತಗೀಬ್ಯಾಡ."

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ, ಕಿರುಬೆರಳಿನ ಕಡೆ ಕೆಂಪು ಗೆರೆಯನ್ನು ಒಂದಿಷ್ಟು ದಾಟಿತ್ತು. ಡಾಕ್ಟರಮ್ಮ ಔಷಧಿ ಬದಲಾಯಿಸಿದರು, ಹೊಸ ಗೆರೆ ಎಳೆದರು. "ಮಧ್ಯಾಹ್ನ ಮಟ ನೋಡೋಣ" ಎಂದರು. ನಮ್ಮವರು ಟೆಂಪೊದಲ್ಲಿ ಹಾಸಿಗೆ ಹಾಸಿ, ಕಲಬುರಗಿಗೆ ಹೊರಡಲು ಸಿದ್ಧವಿಟ್ಟರು.

ಆ ಹೊತ್ತಿನಲ್ಲಿಯೇ ಅತ್ತೆ ಆಟೋ ಹತ್ತಿದ ಮೇಲೆ ಮೊದಲ ಬಾರಿ ನನ್ನೊಡನೆ ಮಾತಾಡಿದರು. ಮೇಲೆ ತಿರುಗುತ್ತಿದ್ದ ಫ್ಯಾನನ್ನೇ ನೋಡುತ್ತ.

"ನಾ ಬೇಡಿಲ್ಲ ಅಂದಿ."

"ಅತ್ತಿ, ಅದು ಸಿಟ್ಟಿನಾಗ..."

"ಖರೇ ಅದ. ನೀ ಬೇಡಿಲ್ಲ. ಸೋಲಾಪುರದಾಗ ನಿನ್ನ ಒಳಗ ಕರ್ಕೊಂಡು ಹೋದ್ರಲ್ಲ, ಬಾಗಲದಾಗ ನಿನ್ನ ಚಪ್ಪಲ್ ಬಿಚ್ಚಿಸಿ ನನ್ನ ಕೈಯಾಗ ಕೊಟ್ರು. ಹವಾಯಿ ಚಪ್ಪಲ್. ಒಂದರ ಪಟ್ಟಿ ಹರದು ಪಿನ್ ಹಾಕಿದ್ದಿ. ಎಲ್ಲಿ ಇಡ್ಲಿ ನಾ ಅದನ್ನ? ಕೆಳಗ ಇಡಾಕ ಮನಸ ಆಗಲಿಲ್ಲ. ಮಡಲಾಗ ಇಟ್ಕೊಂಡೇ ಕುಂತೆ. ಬಾಗಲ ತಗೀಲೇ ಇಲ್ಲ, ತಗೀಲೇ ಇಲ್ಲ. ಆಗ ಅಂದೆ ದೇವಿಗಿ: ಇಕಿ ಕಾಲಾಗ ಮತ್ತ ಇವು ಬರೋ ಹಂಗ ಮಾಡು, ನಾ ನನ್ನವು ಬಿಚ್ಚಿಟ್ಟು ನಿನ್ನ ಕಡಿಗಿ ಬರ್ತೀನಿ."

ಆಮೇಲೆ ನನ್ನ ಕಡೆ ಮುಖ ತಿರುಗಿಸಿ ಹೇಳಿದರು: "ನಿನಗ ಹೇಳಿದ್ರ ನೀ ಅಳ್ತಿ ಅಂತ ಹೇಳಲಿಲ್ಲ."

ನನಗೆ ಅಳು ಬಂತು. ಗೆರೆ ಕಾಣದಷ್ಟು ಅಳು. ಅವರು ಸಲಾಯಿನ್ ಹಚ್ಚಿದ ಕೈಯನ್ನು ಎತ್ತಲಾಗದೆ ಇನ್ನೊಂದು ಕೈ ಚಾಚಿದರು, ನನ್ನ ತಲೆ ಎಟುಕಲಿಲ್ಲ, ಭುಜ ಎಟುಕಿತು.

"ನಿನ್ನೆ ಚೀಲ ಕದ್ದಿದ್ದಕ್ಕ ನನಗ ಸಿಟ್ಟದ" ಎಂದರು. "ಅದು ಬ್ಯಾರೆ ಮಾತು."

"ಇರ್ಲಿ ಬಿಡ್ರಿ."

"ಇರ್ತದ."

ಮಧ್ಯಾಹ್ನ ಡಾಕ್ಟರಮ್ಮ ಬಂದು ಬಗ್ಗಿ ನೋಡಿದರು. ಹೊಸ ಗೆರೆಯ ಹತ್ತಿರಕ್ಕೂ ಕೆಂಪು ಹೋಗಿರಲಿಲ್ಲ. ಸಂಜೆಗೆ ಹಳೆಯ ಗೆರೆಯ ಒಳಗೆ ಸರಿಯಿತು. ಟೆಂಪೊದ ಹಾಸಿಗೆ ಹಾಗೇ ಇತ್ತು, ನಮ್ಮವರು ಅದರ ಮೇಲೆ ಬಿದ್ದು ಗೊರಕೆ ಹೊಡೆದರು. ಸೀಗೆ ಹುಣ್ಣಿಮೆ ಆಸ್ಪತ್ರೆಯಲ್ಲೇ ಕಳೆಯಿತು. ಚಿಕ್ಕತ್ತಿ ತುಳಜಾಪುರದಿಂದ ಫೋನು ಮಾಡಿ, ಉಡಿ ತುಂಬಿದೆ, ಗದ್ದಲ ಬಹಳ ಇತ್ತು, ದೇವಿಯ ಮುಖ ಚೆನ್ನಾಗಿ ಕಂಡಿತು ಎಂದರು. ಮಾತು ಮುಗಿದ ಮೇಲೂ ಅತ್ತೆ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

ಗಾಯದ ಸುತ್ತಲಿನ ಕೆಟ್ಟ ಮಾಂಸವನ್ನು ಕತ್ತರಿಸಿ ತೆಗೆದರು. ಬೆರಳುಗಳೆಲ್ಲ ಉಳಿದವು. ಮನೆಗೆ ಬಂದ ಮೇಲೂ ಸಂಕ್ರಾಂತಿ ದಾಟುವವರೆಗೆ ನಾನು ದಿನಾ ಪಟ್ಟಿ ಕಟ್ಟಿದೆ. ಅವರಿಗೆ ಕಾಲು ತೋರಿಸುವುದು ಇಂದಿಗೂ ಇಷ್ಟವಿಲ್ಲ. ಬೆಳಿಗ್ಗೆ ಮುಖ ಗಂಟಿಕ್ಕಿ ಪಾದ ಮುಂದೆ ಮಾಡುತ್ತಾರೆ, ನಾನು ನೋಡುತ್ತೇನೆ, ಅವರು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಹರಕೆಯ ವಿಷಯದಲ್ಲಿ ನಾವು ಒಪ್ಪಿಲ್ಲ. ತಂಗಿಯ ಕೈಯಿಂದ ಸಂದಿತು ಎಂದು ನಾನು. ಸಂದಿಲ್ಲ, ಬಾಕಿ ಇದೆ ಎಂದು ಅವರು.

ಮುಂದಿನ ವರ್ಷ ದಸರೆ ಹತ್ತಿರ ಬಂದಂತೆ ನನಗೆ ಮತ್ತೆ ನಿದ್ದೆ ಹಾರಿತು. ಅವರು ಏನಾದರೂ ಅನ್ನುತ್ತಾರೆ ಎಂದು ಕಾದೆ. ಘಟ ಕೂರಿಸಿದೆವು, ಎತ್ತಿದೆವು, ಬನ್ನಿ ಹಂಚಿದೆವು. ಏನೂ ಅನ್ನಲಿಲ್ಲ. ಓಣಿಯ ಜನ ನಿಶಾನೆ ಹಿಡಿದು ಹೊರಟ ನಸುಕಿನಲ್ಲಿ ಅತ್ತೆ ಬಾಗಿಲಲ್ಲಿ ನಿಂತು, ಅವರು ತಿರುವು ದಾಟುವ ತನಕ ನೋಡಿದರು. ಒಳಗೆ ಬಂದು ಕುಳಿತು, ಕುಪ್ಪಸವೊಂದನ್ನು ಎಳೆದುಕೊಂಡು ಹುಕ್ಕು ಹಚ್ಚತೊಡಗಿದರು.

"ಹುಣ್ಣಿಮಿ ಆದ ಮ್ಯಾಲ ಬಸ್ಸಿನಾಗ ಗದ್ಲ ಕಮ್ಮಿ ಇರ್ತದೇನು?" ಎಂದು ಕೇಳಿದರು.

"ಕಮ್ಮಿ ಇರ್ತದ್ರಿ."

"ಕಿಡಕಿ ಕಡಿ ಜಾಗ ಸಿಗಬೇಕು ನನಗ. ಇಲ್ಲಂದ್ರ ವಾಂತಿ ಆಗ್ತದ."

ಹುಣ್ಣಿಮೆ ಕಳೆದ ವಾರ ತುಳಜಾಪುರಕ್ಕೆ ಬಸ್ಸಿನಲ್ಲಿ ಹೊರಟೆವು. ಅವರು ಆ ಕಪ್ಪು ಚಪ್ಪಲಿ ಹಾಕಿಕೊಂಡು ಬಂದು, ಕಿಟಕಿಗೆ ಹಣೆ ಒತ್ತಿ ಕುಳಿತರು. ಬಸವಕಲ್ಯಾಣದ ಕ್ರಾಸಿನಲ್ಲಿ ಬಸ್ಸು ನಿಂತಾಗ ಇಬ್ಬರೂ ರಸ್ತೆಯಂಚಿನ ಬಿಳಿ ಪಟ್ಟೆಯ ಕಡೆ ನೋಡಿದೆವು. ಉಮರ್ಗಾದಲ್ಲಿ ಭಜಿ ಕೊಡಿಸಿದೆ. ಡಾಕ್ಟರು ಕರಿದದ್ದು ಬೇಡ ಎಂದಿದ್ದಾರೆ ಎಂದು ನಾನು ಹೇಳುವಷ್ಟರಲ್ಲಿ ಅರ್ಧ ಪೊಟ್ಟಣ ಖಾಲಿಯಾಗಿತ್ತು.